ಮೈ ಹೇಳದ್ದನ್ನು ಮಲೆ ಹೇಳಿತು

ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್‌ಗಿರಿಗಳ ನೆತ್ತಿಯಲ್ಲಿ ಹುಲ್ಲುಗಾವಲಿನ ನಡುವೆ, ಬೆಟ್ಟದ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಕುಳ್ಳು ಮರಗಳ ಕಾಡಿಗೆ ಶೋಲಾ ಎನ್ನುತ್ತಾರೆ. ಆ ಕಾಡಿನ ನೆಲದಲ್ಲಿ ತರಗೆಲೆಗಳ ನಡುವೆ ಹುಳು ಹುಡುಕಿಕೊಂಡು ಬದುಕುವ ಒಂದು ಹಾಡುಹಕ್ಕಿ ಈಗ ನೀಲಗಿರಿ ಶೋಲಾಕಿಳಿ ಎಂಬ ಹೆಸರಿನಿಂದ ಪಕ್ಷಿವೀಕ್ಷಕರಿಗೆ ಪರಿಚಿತ. ಗಾತ್ರ ಹೆಚ್ಚುಕಡಿಮೆ ಗುಬ್ಬಿಯದೇ. ಬೆನ್ನು ಮತ್ತು ಎದೆ ಕಪ್ಪಿಗೆ ತಿರುಗಿದ ನೀಲಿ, ಕಣ್ಣಿನ ಮೇಲೆ ಬಿಳಿಯ ಹುಬ್ಬು, ಪಕ್ಕೆಗಳಲ್ಲಿ ಕಂದುಗೆಂಪು, ಮೈಗೆ ಹೋಲಿಸಿದರೆ ಕಾಲು ಉದ್ದ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅದರ ಸಿಳ್ಳೆ ಕೇಳಿಸುತ್ತದೆ, ಹಕ್ಕಿ ಮಾತ್ರ ಪೊದೆಯ ಮರೆ ಬಿಟ್ಟು ಬರುವುದು ಅಪರೂಪ. ಇಂಥ ಹಕ್ಕಿಯನ್ನು ಗುರುತಿಸುವುದು ಕಷ್ಟವಾಯಿತು ಎಂದರೆ ಯಾರಿಗೂ ಆಶ್ಚರ್ಯವಾಗದು. ಸೋಜಿಗದ ಸಂಗತಿ ಬೇರೆ ಇದೆ. 1840ರ ದಶಕದಲ್ಲೇ ಈ ಹಕ್ಕಿ ವಿದ್ವಾಂಸರ ಕೈಸೇರಿತ್ತು. ಅದರ ಚರ್ಮ ಸುಲಿದು, ಹತ್ತಿ ತುಂಬಿ, ಅಳತೆ ಹಿಡಿದು, ಲ್ಯಾಟಿನ್ ಹೆಸರನ್ನೂ ಕೊಟ್ಟಾಗಿತ್ತು. ಹಾಗಿದ್ದೂ ಅದರ ಬಂಧುಬಳಗ ಯಾವುದು, ಪಕ್ಕದ ಬೆಟ್ಟಸಾಲಿನ ಹಕ್ಕಿ ಅದೇಯೋ ಬೇರೆಯೋ ಎಂಬ ಪ್ರಶ್ನೆಗಳು ಇತ್ಯರ್ಥವಾಗಲು 2017ರವರೆಗೆ ಕಾಯಬೇಕಾಯಿತು.

ಈ ವಿಳಂಬಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಳವಾದದ್ದು: ಹಿಂದಿನವರ ಕೈಯಲ್ಲಿ ಡಿಎನ್‌ಎ ಓದುವ ಸಲಕರಣೆ ಇರಲಿಲ್ಲ, ಅದು ಬಂದ ಮೇಲೆ ಗಂಟು ಬಿಚ್ಚಿಕೊಂಡಿತು. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ಈ ಹಕ್ಕಿಯ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಹಕ್ಕಿಯ ಮೈಯೊಂದನ್ನೇ ನೆಚ್ಚಿ ತೀರ್ಪು ಕೊಟ್ಟಾಗಲೆಲ್ಲ ವಿದ್ವಾಂಸರು ಎಡವಿದ್ದಾರೆ. ಇದು ಯಾವ ಬೆಟ್ಟದ್ದು, ಆ ಬೆಟ್ಟಕ್ಕೂ ಮುಂದಿನ ಬೆಟ್ಟಕ್ಕೂ ನಡುವೆ ಏನಿದೆ ಎಂದು ಕೇಳಿದಾಗಲೆಲ್ಲ ಸತ್ಯದ ಸಮೀಪಕ್ಕೆ ಬಂದಿದ್ದಾರೆ. ಹಕ್ಕಿಯ ಕಾಲಿಗೆ ಕಟ್ಟುತ್ತಿದ್ದ ಊರಿನ ಚೀಟಿಗೆ ಹಕ್ಕಿಯ ಗರಿಗಿಂತ ಹೆಚ್ಚು ತೂಕವಿತ್ತು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ ಎಂಬುದು ನನ್ನ ವಾದ.

ಮೊದಲ ಹೆಸರು ಕೊಟ್ಟವನು ಥಾಮಸ್ ಕೇವರ್‌ಹಿಲ್ ಜರ್ಡನ್. 1811ರಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೇನೆಯಲ್ಲಿ ವೈದ್ಯನಾಗಿ ಬಂದವನು. 1839ರಿಂದ ಮದ್ರಾಸಿನ ಒಂದು ವಿದ್ವತ್‌ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯನ್ನು ಕಂತುಕಂತಾಗಿ ಪ್ರಕಟಿಸಿದ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ತನ್ನ ಟಿಪ್ಪಣಿಗಳನ್ನು ಅವನಿಗೆ ಒದಗಿಸಿದ್ದ. ಆ ಕಾಲದ ಪದ್ಧತಿಯಂತೆ ಜರ್ಡನ್ ತನ್ನ ಮಾದರಿಗಳನ್ನು ಸ್ಕಾಟ್ಲೆಂಡಿನಲ್ಲಿದ್ದ ಪಕ್ಷಿತಜ್ಞ ವಿಲಿಯಂ ಜಾರ್ಡಿನ್‌ಗೆ ಗುರುತಿಸಿಕೊಡಲು ಕಳಿಸಿದ. ಪೆಟ್ಟಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ತಲುಪುವಷ್ಟರಲ್ಲಿ ಚರ್ಮಗಳಿಗೆ ಪತಂಗದ ಹುಳುಗಳು ಹತ್ತಿದ್ದವು. ಅಲ್ಲಿಂದ ಮುಂದೆ ಜರ್ಡನ್ ತನ್ನ ಕಣ್ಣನ್ನೇ ನಂಬಿ ನಡೆದ. ನೀಲಗಿರಿಯ ಈ ಹಕ್ಕಿಯನ್ನು ಅವನು ಸೇರಿಸಿದ್ದು ಫೀನಿಕ್ಯೂರಾ ಎಂಬ ಕುಲಕ್ಕೆ, ಅಂದರೆ ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಬರುವ ರೆಡ್‌ಸ್ಟಾರ್ಟ್ ಹಕ್ಕಿಗಳ ಬಳಗಕ್ಕೆ. ಮೈಮಾಟ ನೋಡಿದರೆ ಅದು ತಲೆಬುಡವಿಲ್ಲದ ಊಹೆಯೇನಲ್ಲ. ಮೇಲ್ಭಾಗದ ಕಡುಬಣ್ಣ, ಕೆಳಗಿನ ಕಂದುಗೆಂಪು, ನೆಲಕ್ಕಿಳಿದು ಹುಳು ಹಿಡಿಯುವ ಅಭ್ಯಾಸ ಎರಡರಲ್ಲೂ ಇದೆ. ಆದರೆ ಬಯಲಿನ ಕಲ್ಲುಗುಡ್ಡೆಯ ಮೇಲೆ ಎದ್ದು ಕಾಣುವಂತೆ ಕೂರುವ ವಲಸೆಹಕ್ಕಿಗೂ, ಶೋಲಾದ ಮಬ್ಬಿನಿಂದ ಆಚೆ ಬಾರದ ಹಕ್ಕಿಗೂ ಬದುಕಿನ ಕ್ರಮದಲ್ಲಿ ಇರುವ ಅಂತರ ಆ ಹೆಸರಿನಲ್ಲಿ ಅಳಿಸಿಹೋಯಿತು.

ಜರ್ಡನ್ ಹೀಗೆ ಮಾಡಿದ್ದಕ್ಕೆ ಅವನೊಬ್ಬನನ್ನು ದೂರಿ ಫಲವಿಲ್ಲ. ಹತ್ತೊಂಬತ್ತನೆಯ ಶತಮಾನದ ಪಕ್ಷಿವಿಜ್ಞಾನ ಕೋವಿಯಿಂದ ಶುರುವಾಗಿ ಬೀರುವಿನಲ್ಲಿ ಮುಗಿಯುತ್ತಿತ್ತು. ಸಣ್ಣ ಚರೆ ತುಂಬಿದ ಬಂದೂಕಿನಿಂದ ಹಕ್ಕಿ ಹೊಡೆಯುವುದು, ಚರ್ಮ ಬಿಡಿಸಿ ಪಾಷಾಣ ಬೆರೆತ ಸೋಪು ಸವರುವುದು, ಹತ್ತಿ ತುಂಬಿ ಒಣಗಿಸುವುದು, ಕಾಲಿಗೆ ಚೀಟಿ ಕಟ್ಟುವುದು ಕೆಲಸದ ಕ್ರಮವಾಗಿತ್ತು. ಹೀಗೆ ಸಿದ್ಧವಾದ ಚರ್ಮದಲ್ಲಿ ಕೊಕ್ಕಿನ ಉದ್ದ, ರೆಕ್ಕೆಯ ಅಳತೆ, ಗರಿಗಳ ಎಣಿಕೆ ಉಳಿಯುತ್ತಿದ್ದವು. ಹಾಡು, ನಿಲುವು, ಬಾಲ ಕುಣಿಸುವ ರೀತಿ, ಯಾವ ಎತ್ತರದ ಕೊಂಬೆಯಲ್ಲಿ ಕೂರುತ್ತದೆ ಎಂಬ ವಿವರ ಎಲ್ಲವೂ ಕಳೆದುಹೋಗುತ್ತಿದ್ದವು. ಹಕ್ಕಿಯನ್ನು ಹಿಡಿದುಕೊಟ್ಟ, ಹಾದಿ ತೋರಿಸಿದ ಬೆಟ್ಟದ ಜನರಿಗೆ ಈ ವಿವರಗಳು ಗೊತ್ತಿದ್ದವು, ಆದರೆ ಅವರ ಹೆಸರುಗಳಂತೆ ಅವರ ತಿಳಿವಳಿಕೆಯೂ ಬಹುಪಾಲು ಕಾಗದಕ್ಕೆ ಇಳಿಯಲಿಲ್ಲ. ಹಾಗಾಗಿ ಜೀವಂತ ಹಕ್ಕಿಗೂ ಬೀರುವಿನ ಚರ್ಮಕ್ಕೂ ಉಳಿದ ಒಂದೇ ಕೊಂಡಿ ಆ ಚೀಟಿ. ಇದನ್ನು ಚೆನ್ನಾಗಿ ಅರಿತಿದ್ದವನು ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ ಕಾಂಗ್ರೆಸ್ ಸ್ಥಾಪನೆಯಿಂದ ಹೆಸರಾದ ಈತ ಅದಕ್ಕೂ ಮೊದಲೇ ದೇಶದಾದ್ಯಂತ ಹಕ್ಕಿ ಸಂಗ್ರಾಹಕರ ಜಾಲ ಕಟ್ಟಿದ್ದ. 1874ರಲ್ಲಿ ಸಂಗ್ರಾಹಕರಿಗೆಂದೇ ಒಂದು ಕೈಪಿಡಿಯನ್ನೂ ಬರೆದ. 1885ರಲ್ಲಿ ಅವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಸಂಗ್ರಹದಲ್ಲಿ ಚರ್ಮ, ಮೊಟ್ಟೆ ಎಲ್ಲ ಸೇರಿ 80,000ಕ್ಕೂ ಹೆಚ್ಚು ಮಾದರಿಗಳಿದ್ದವು. ಅವನು ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯ ಜೀವಾಳ ಊರುಊರಿನ ಪಟ್ಟಿಗಳು: ಬೆಳಗಾವಿಯ ಹಕ್ಕಿಗಳು, ಮಂಜರಾಬಾದಿನ ಹಕ್ಕಿಗಳು, ನೀಲಗಿರಿ ಮತ್ತು ದಕ್ಷಿಣ ಮೈಸೂರಿನ ಹಕ್ಕಿಗಳು. ಹೊಸ ಪ್ರಭೇದದ ಸಡಗರ ಇಲ್ಲದ ಈ ಒಣ ಪಟ್ಟಿಗಳು ಆಗ ಯಾರಿಗೂ ದೊಡ್ಡ ಸಾಧನೆಯಾಗಿ ಕಂಡಿರಲಾರವು. ಯಾವ ಹಕ್ಕಿ ಯಾವ ಬೆಟ್ಟದಲ್ಲಿ ಇದೆ, ಎಲ್ಲಿ ಇಲ್ಲ ಎಂದು ಇಂದು ಹಿಂದಿರುಗಿ ನೋಡಬೇಕಾದರೆ ಆಧಾರ ಅವೇ.

ನೆಲ ನೋಡಿ ಹಕ್ಕಿಯನ್ನು ಬೇರ್ಪಡಿಸಿದ ಮೊದಲ ದೊಡ್ಡ ಹೆಜ್ಜೆ ಬಂದದ್ದು ಪಕ್ಷಿತಜ್ಞನೊಬ್ಬನಿಂದಲ್ಲ, ಭೂವಿಜ್ಞಾನಿಯಿಂದ. ವಿಲಿಯಂ ಥಾಮಸ್ ಬ್ಲಾನ್‌ಫರ್ಡ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವನು. ಒಡಿಶಾದ ತಾಲ್ಚೇರಿನ ಗುಂಡುಕಲ್ಲುಗಳ ಪದರ ಪ್ರಾಚೀನ ಹಿಮನದಿಗಳ ಕೆಲಸ ಎಂದು ಗುರುತಿಸಿದವರಲ್ಲಿ ಒಬ್ಬ. ಆ ಹೊತ್ತಿಗೆ ಸ್ಯಾಮ್ಯುಯೆಲ್ ಫೇರ್‌ಬ್ಯಾಂಕ್ ಎಂಬ ಅಮೆರಿಕನ್ ಪಾದ್ರಿ ಪಾಲ್ಘಾಟ್ ಕಣಿವೆಯ ದಕ್ಷಿಣಕ್ಕಿರುವ ಪಳನಿ ಬೆಟ್ಟಗಳಲ್ಲಿ ಹಕ್ಕಿ ಸಂಗ್ರಹಿಸುತ್ತಿದ್ದ. ಪಳನಿಯ ಹಕ್ಕಿ ನೀಲಗಿರಿಯ ಹಕ್ಕಿಯನ್ನು ಬಹಳ ಮಟ್ಟಿಗೆ ಹೋಲುತ್ತದೆ, ಆದರೆ ಪಕ್ಕೆಯಲ್ಲಿ ಕೆಂಪಿಲ್ಲ, ಹೊಟ್ಟೆ ಬಿಳಿ. ಬ್ಲಾನ್‌ಫರ್ಡ್ 1868ರಲ್ಲಿ ಅದಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ ಕೊಟ್ಟ. ಮರುವರ್ಷ ಅದೇ ಬೆಟ್ಟದ ನಗೆಮಲ್ಲ, ಅಂದರೆ ಲಾಫಿಂಗ್ ಥ್ರಷ್ ಹಕ್ಕಿಯೊಂದಕ್ಕೆ ಫೇರ್‌ಬ್ಯಾಂಕನ ಹೆಸರಿಟ್ಟ. 1880ರಲ್ಲಿ ಇನ್ನೂ ದಕ್ಷಿಣದ ಬೆಟ್ಟಗಳ ನಗೆಮಲ್ಲವನ್ನೂ ಬೇರೆಯೆಂದ. ಒಂದೇ ಒಂದು ಹಕ್ಕಿಯಲ್ಲಿ ಬಣ್ಣ ಬೇರೆಯಾದರೆ ಆಕಸ್ಮಿಕ ಎನ್ನಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯ ಹಕ್ಕಿಗಳು ಅದೇ ಕಣಿವೆಯ ಆಚೆಗೆ ಬೇರೆ ವೇಷ ತೊಟ್ಟಿದ್ದರೆ ಗಮನ ಹಕ್ಕಿಯಿಂದ ಕಣಿವೆಯ ಕಡೆಗೆ ತಿರುಗಬೇಕಾಗುತ್ತದೆ. ಪಾಲ್ಘಾಟ್ ಕಣಿವೆ ಮೂವತ್ತು ಕಿಲೋಮೀಟರಿಗೂ ಅಗಲವಾದ ತಗ್ಗು. ಅಷ್ಟಗಲದ ಬಿಸಿಲು ಬಯಲು ಶೋಲಾದ ಹಕ್ಕಿಗೆ ಕಡಲೇ ಸರಿ.

ಇಷ್ಟು ಸ್ಪಷ್ಟವಾಗಿದ್ದ ಸುಳಿವನ್ನು ಇಪ್ಪತ್ತನೆಯ ಶತಮಾನ ಕೈಬಿಟ್ಟಿತು. ಅದಕ್ಕೆ ಕಾರಣ ಅಸಡ್ಡೆಯಲ್ಲ, ಒಂದು ಸಿದ್ಧಾಂತ. ಎರಡು ಗುಂಪುಗಳು ಒಂದೆಡೆ ಸೇರಿದಾಗ ಪರಸ್ಪರ ಕೂಡಿ ಸಂತಾನ ಪಡೆಯುವುದಿಲ್ಲ ಎಂದಾದರೆ ಅವು ಬೇರೆ ಪ್ರಭೇದ ಎಂಬ ವ್ಯಾಖ್ಯೆಯನ್ನು 1942ರಲ್ಲಿ ಅರ್ನ್ಸ್ಟ್ ಮೇಯರ್ ಪ್ರಬಲವಾಗಿ ಮಂಡಿಸಿದ. ಒಂದೆಡೆ ಸೇರುವ ಅವಕಾಶವೇ ಇಲ್ಲದ ಬೆಟ್ಟದ ಹಕ್ಕಿಗಳ ಮಾತೇನು? ಅಲ್ಲಿ ತೀರ್ಪು ಮತ್ತೆ ಮೈಯ ಹೋಲಿಕೆಗೇ ಬಿತ್ತು. ಹೆಚ್ಚು ಹೋಲುತ್ತವೆ ಎಂದಾದರೆ ಒಂದೇ ಪ್ರಭೇದದ ಉಪಪ್ರಭೇದಗಳು ಎಂದು ಸೇರಿಸಿಬಿಡುವುದು ಅಂದಿನ ರೂಢಿ. ಅದರಂತೆ ನೀಲಗಿರಿಯ ಹಕ್ಕಿ, ಪಳನಿಯ ಹಕ್ಕಿ ಎರಡನ್ನೂ ಒಂದೇ ಪ್ರಭೇದದಡಿ ತಂದರು. ಕುಲವನ್ನೂ ಬದಲಿಸಿ ಬ್ರಾಕಿಪ್ಟೆರಿಕ್ಸ್ ಎಂದರು. ಹಿಮಾಲಯದ ಮತ್ತು ಆಗ್ನೇಯ ಏಷ್ಯಾದ ದಟ್ಟ ಕಾಡುಗಳ ನೆಲದಲ್ಲಿ ಓಡಾಡುವ ಶಾರ್ಟ್‌ವಿಂಗ್‌ಗಳ ಕುಲ ಅದು. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ತಂದ ಮಹಾಕೈಪಿಡಿಯೂ ಇದೇ ಪಟ್ಟಿಯನ್ನು ಅನುಸರಿಸಿತು. ಒಂದು ತಲೆಮಾರಿನ ಪಕ್ಷಿವೀಕ್ಷಕರಿಗೆ ಅದೇ ಪ್ರಮಾಣಗ್ರಂಥವಾದ್ದರಿಂದ ಕಣಿವೆಯ ಎರಡೂ ಕಡೆಯ ಹಕ್ಕಿಗಳನ್ನು ಒಂದೇ ಹೆಸರಿನಡಿ ಬರೆದುಕೊಳ್ಳುವುದು ಅಭ್ಯಾಸವಾಯಿತು.

ಶಾರ್ಟ್‌ವಿಂಗ್ ಎಂಬ ತೀರ್ಮಾನದ ಹಿಂದೆ ಇನ್ನೊಂದು ದೊಡ್ಡ ಊಹೆಯೂ ಕೆಲಸ ಮಾಡಿತ್ತು. ದಕ್ಷಿಣದ ಬೆಟ್ಟಗಳ ನೆತ್ತಿಯಲ್ಲಿ ಹಿಮಾಲಯವನ್ನು ನೆನಪಿಸುವ ಗಿಡ, ಪ್ರಾಣಿ, ಹಕ್ಕಿಗಳು ಇರುವುದನ್ನು ಹತ್ತೊಂಬತ್ತನೆಯ ಶತಮಾನದವರೇ ಗಮನಿಸಿದ್ದರು. ಹಿಮಯುಗದಲ್ಲಿ ಬಯಲು ತಂಪಾದಾಗ ಅವು ದಕ್ಷಿಣಕ್ಕೆ ಇಳಿದು, ಮತ್ತೆ ಸೆಕೆ ಹೆಚ್ಚಿದಾಗ ಬೆಟ್ಟ ಹತ್ತಿ ಸಿಕ್ಕಿಕೊಂಡಿರಬೇಕು ಎಂಬ ವಿವರಣೆ ಹುಟ್ಟಿತು. 1949ರಲ್ಲಿ ಸುಂದರಲಾಲ್ ಹೋರಾ ಸಾತ್ಪುರ ಬೆಟ್ಟಸಾಲಿನ ಮೂಲಕ ಈ ವಲಸೆ ನಡೆದಿರಬಹುದೆಂದು ಮೀನುಗಳ ಆಧಾರದ ಮೇಲೆ ವಾದಿಸಿದರು, ಸಲೀಂ ಅಲಿ ಹಕ್ಕಿಗಳ ಉದಾಹರಣೆ ಕೊಟ್ಟು ಅದನ್ನು ಬೆಂಬಲಿಸಿದರು. ಈ ಚಿತ್ರ ಮನಸ್ಸಿನಲ್ಲಿ ನಿಂತಮೇಲೆ ಶೋಲಾದ ಪ್ರತಿ ಹಕ್ಕಿಯೂ ಹಿಮಾಲಯದ ಯಾವುದೋ ಮನೆತನದ ದೂರದ ಕವಲಾಗಿ ಕಾಣತೊಡಗುತ್ತದೆ. ನೀಲಿ ಹಕ್ಕಿಗೆ ಹಿಮಾಲಯದ ಶಾರ್ಟ್‌ವಿಂಗ್, ಇಲ್ಲಿನ ನಗೆಮಲ್ಲಗಳಿಗೆ ಹಿಮಾಲಯದ ನಗೆಮಲ್ಲ ಹತ್ತಿರದ ಬಂಧುಗಳಾದವು. ಮೈ ಹೋಲಿಕೆ ಅದಕ್ಕೆ ಒತ್ತಾಸೆ ಕೊಟ್ಟಿತು. ಮಬ್ಬುಗತ್ತಲ ನೆಲದಲ್ಲಿ ಓಡಾಡುವ ಹಕ್ಕಿಗೆ ಉದ್ದ ಕಾಲು, ಮೊಟಕು ರೆಕ್ಕೆ, ಕಡುಬಣ್ಣ ಎಲ್ಲಿದ್ದರೂ ಅನುಕೂಲವೇ. ಅಂಥ ನೆಲ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೇರೆ ಬೇರೆ ವಂಶದ ಹಕ್ಕಿಗಳು ಅದೇ ಆಕಾರಕ್ಕೆ ಬಂದು ನಿಲ್ಲಬಹುದು. ಶೋಲಾಕಿಳಿಯ ಉದ್ದ ಕಾಲು ಅದರ ಬಾಳಿನ ಬಗ್ಗೆ ನಿಜ ಹೇಳುತ್ತಿತ್ತು, ಅದನ್ನು ವಂಶದ ಸಾಕ್ಷಿಯಾಗಿ ಓದಿದ್ದು ಓದಿದವರ ತಪ್ಪು.

ಪುಸ್ತಕಗಳು ಹೀಗೆ ಒಂದು ದಿಕ್ಕಿಗೆ ಹೋಗುತ್ತಿದ್ದಾಗ ಕಾಡಿನಲ್ಲಿ ಕೆಲಸದ ರೀತಿ ನಿಧಾನವಾಗಿ ಬದಲಾಗುತ್ತಿತ್ತು. ಸಲೀಂ ಅಲಿಯವರೇ 1930ರ ದಶಕದಲ್ಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ, ಆಮೇಲೆ ಮೈಸೂರಿನಲ್ಲಿ ನಡೆಸಿದ ಸಮೀಕ್ಷೆಗಳು ಊರುಊರಿನ ಪಟ್ಟಿಯ ಸಂಪ್ರದಾಯವನ್ನು ಮುಂದುವರಿಸಿದವು, ಮೈಸೂರಿನ ವರದಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಕೋವಿ ಇನ್ನೂ ಇತ್ತು, ಆದರೆ ಹಕ್ಕಿಯ ನೆಲೆ, ಗೂಡು, ಆಹಾರದ ಟಿಪ್ಪಣಿಗೂ ಜಾಗ ದೊರೆತಿತ್ತು. ಹಿಡಿದು ಬಿಡುವ ಕ್ರಮ ದೊಡ್ಡ ಪ್ರಮಾಣದಲ್ಲಿ ಬೇರೂರಲು ಕಾರಣವಾದದ್ದು ಮಲೆನಾಡಿನ ಒಂದು ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ತಗಲಿದಾಗ ಪತ್ತೆಯಾದ ವೈರಸ್ಸು ರಷ್ಯಾದ ಉಣ್ಣೆಜನ್ಯ ವೈರಸ್ಸುಗಳನ್ನು ಹೋಲುತ್ತಿತ್ತು. ವಲಸೆಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ತಂಡ 1959ರ ಹೊತ್ತಿಗೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಯೋಜನೆ ಆರಂಭಿಸಿತು. ಹಕ್ಕಿಗಳೇ ರೋಗ ತಂದವು ಎಂಬುದು ಸಾಬೀತಾಗಲಿಲ್ಲ. ಕೊಲ್ಲದೆ ಹಕ್ಕಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಹುದು, ಅದೇ ಜಾಗಕ್ಕೆ ವಾಪಸು ಬಿಡಬಹುದು ಎಂಬ ವಿದ್ಯೆ ಮಾತ್ರ ಈ ನೆಲದಲ್ಲಿ ಉಳಿಯಿತು. ಇದರಿಂದ ಹಕ್ಕಿಗೂ ಅದರ ಜಾಗಕ್ಕೂ ಇದ್ದ ಸಂಬಂಧ ಕಡಿಯುವುದು ತಪ್ಪಿತು.

ಶೋಲಾಕಿಳಿಯ ಪ್ರಶ್ನೆ ಮತ್ತೆ ತೆರೆದುಕೊಂಡದ್ದು ಈ ಶತಮಾನದ ಆರಂಭದಲ್ಲಿ, ಅದೂ ಬಹುಮಟ್ಟಿಗೆ ಬೆಂಗಳೂರಿನ ಸಂಸ್ಥೆಗಳಲ್ಲಿ. 2002ರಲ್ಲಿ ವಿ.ವಿ. ರಾಬಿನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಕೇರಳ, ತಮಿಳುನಾಡುಗಳ ಬೆಟ್ಟಗಳಲ್ಲಿ ಈ ಹಕ್ಕಿಯ ಸ್ಥಿತಿಗತಿ ಮತ್ತು ಆವಾಸದ ಅಧ್ಯಯನ ಪ್ರಕಟಿಸಿದರು. 2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ತಮ್ಮ ಕೈಪಿಡಿಯಲ್ಲಿ ನೀಲಗಿರಿಯ ಹಕ್ಕಿ, ಪಳನಿಯ ಹಕ್ಕಿಗಳನ್ನು ಮತ್ತೆ ಬೇರೆ ಪ್ರಭೇದಗಳೆಂದು ಬರೆದರು. ಬ್ಲಾನ್‌ಫರ್ಡ್ ಹೇಳಿದ್ದಕ್ಕೆ ಹೀಗೆ ಸುಮಾರು 140 ವರ್ಷಗಳ ನಂತರ ಮರಳಿ ಮನ್ನಣೆ ಸಿಕ್ಕಿತು. 2010ರಲ್ಲಿ ರಾಬಿನ್, ಅನಿಂದ್ಯ ಸಿನ್ಹಾ ಮತ್ತು ಉಮಾ ರಾಮಕೃಷ್ಣನ್ ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಬಲೆಯಲ್ಲಿ ಹಿಡಿದ ಹಕ್ಕಿಗಳ ರಕ್ತದ ಹನಿಗಳಿಂದ ಡಿಎನ್‌ಎ ಓದಿ ಹೋಲಿಸಿದಾಗ ಅತಿ ಆಳವಾದ ಬಿರುಕು ಕಂಡದ್ದು ಪಾಲ್ಘಾಟ್ ಕಣಿವೆಯಲ್ಲಿ. ಅದಕ್ಕಿಂತ ತೀರ ಕಿರಿದಾದ ಶೆಂಕೋಟೆ ಕಣಿವೆಯಲ್ಲೂ ಒಡಕು ಇತ್ತು. ಮರುವರ್ಷ ಹಾಡುಗಳ ಅಧ್ಯಯನವೂ ಬಂತು: ಬೆಟ್ಟ ಬದಲಾದಂತೆ ಹಾಡೂ ಬದಲಾಗುತ್ತಿತ್ತು. ಕೊನೆಗೆ 2017ರಲ್ಲಿ ರಾಬಿನ್, ಸುಷ್ಮಾ ರೆಡ್ಡಿ ಮತ್ತು ಸಂಗಡಿಗರು ಪೂರ್ಣ ವಂಶವೃಕ್ಷವನ್ನು ಪ್ರಕಟಿಸಿದರು. ಈ ಹಕ್ಕಿ ರೆಡ್‌ಸ್ಟಾರ್ಟ್ ಕೂಡ ಅಲ್ಲ, ಶಾರ್ಟ್‌ವಿಂಗ್ ಕೂಡ ಅಲ್ಲ. ನಿಲ್ಟಾವಾ ಮತ್ತು ನೀಲಿ ನೊಣಹಿಡುಕಗಳ ಬಳಗದ ಪಕ್ಕದಲ್ಲಿ, ದಶಲಕ್ಷಗಟ್ಟಲೆ ವರ್ಷಗಳ ಹಿಂದೆಯೇ ಕವಲೊಡೆದು ಪಶ್ಚಿಮ ಘಟ್ಟದಲ್ಲೇ ಬೆಳೆದ ಸ್ವತಂತ್ರ ವಂಶ ಅದು. ಅದಕ್ಕೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಮಾಡಬೇಕಾಯಿತು. ಶೆಂಕೋಟೆಯ ದಕ್ಷಿಣಕ್ಕೆ, ಆಶಂಬು ಬೆಟ್ಟಗಳಲ್ಲಿರುವ ಹಕ್ಕಿ ಮೂರನೆಯ, ಹೊಸ ಪ್ರಭೇದವಾಯಿತು. ಇಲ್ಲಿನ ನಗೆಮಲ್ಲಗಳಿಗೂ ಮಾಂಟಿಸಿಂಕ್ಲಾ ಎಂಬ ಬೇರೆ ಕುಲವಾಗಿ, ಅವುಗಳಲ್ಲೂ ಬೆಟ್ಟಬೆಟ್ಟಕ್ಕೆ ಒಂದರಂತೆ ನಾಲ್ಕು ಪ್ರಭೇದಗಳಾದವು.

ಈ ವಾದಕ್ಕೆ ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಗಂಟು ಬಿಚ್ಚಿದ್ದು ಡಿಎನ್‌ಎ ತಾನೇ, ನೆಲಕ್ಕೆ ಯಾಕೆ ಶ್ರೇಯ? ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಹಕ್ಕಿಯ ದೂರದ ಬಂಧುಗಳು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಿಸ್ಸಂಶಯವಾಗಿ ಡಿಎನ್‌ಎ. ನೊಣಹಿಡುಕಗಳ ನೆಂಟಸ್ತಿಕೆಯನ್ನು ಯಾವ ಬೆಟ್ಟವೂ ಹೇಳಿರಲಿಲ್ಲ, ಹೇಳುವುದು ಸಾಧ್ಯವೂ ಇರಲಿಲ್ಲ. ಆದರೆ ಯಾವುದು ಯಾವುದರಿಂದ ಬೇರೆ ಎಂಬ ಪ್ರಶ್ನೆಯಲ್ಲಿ ಡಿಎನ್‌ಎ ಬಂದು ನಿಂತದ್ದು 1868ರಲ್ಲಿ ಎಳೆದ ಗೆರೆಯ ಮೇಲೆಯೇ. ಆ ಸಂಶೋಧನೆಯ ವಿನ್ಯಾಸವನ್ನೂ ಗಮನಿಸಬೇಕು. ಸಂಶೋಧಕರು ಕಣಿವೆಗಳ ಎರಡೂ ಬದಿಯ ಬೆಟ್ಟಗಳಿಂದ ರಕ್ತ ಸಂಗ್ರಹಿಸಿದ್ದು ಅಲ್ಲಿ ಒಡಕು ಇರಬಹುದೆಂಬ ಅನುಮಾನದಿಂದ. ನೀಲಗಿರಿಯೊಂದರಿಂದಲೇ ನೂರು ಮಾದರಿ ತಂದು ಅದೇ ಯಂತ್ರಕ್ಕೆ ಹಾಕಿದ್ದರೆ ಆಶಂಬುವಿನ ಹಕ್ಕಿ ಇಂದಿಗೂ ಪಳನಿಯ ಹಕ್ಕಿಯ ಹೆಸರಿನಲ್ಲೇ ಇರುತ್ತಿತ್ತು. ಯಂತ್ರ ಉತ್ತರ ಕೊಡಬಲ್ಲದು, ಎಲ್ಲಿಂದ ಮಾದರಿ ತರಬೇಕು ಎಂಬ ಪ್ರಶ್ನೆಯನ್ನು ನೆಲ ಬಲ್ಲವರೇ ಕೇಳಬೇಕು.

ಎರಡನೆಯ ಆಕ್ಷೇಪ ಮ್ಯೂಸಿಯಮ್ಮಿನ ಪರವಾದದ್ದು, ಅದರಲ್ಲಿ ಹುರುಳಿದೆ. ಚರ್ಮಗಳು ಇಲ್ಲದಿದ್ದರೆ ಯಾವ ಹೆಸರು ಯಾವ ಹಕ್ಕಿಗೆ ಸಲ್ಲಬೇಕೆಂದು ತೀರ್ಮಾನಿಸಲು ಆಧಾರವೇ ಇರುತ್ತಿರಲಿಲ್ಲ. ಪ್ರತಿ ಹೆಸರಿಗೂ ಒಂದು ಮೂಲಮಾದರಿ ಬೇಕು, ಅದನ್ನು ಕಾಪಾಡಿದವರು ಸಂಗ್ರಾಹಕರು. ಒಪ್ಪಬೇಕಾದ ಮಾತೇ. ಆದರೆ ಆ ಮಾದರಿಗಳ ಬೆಲೆ ನಿಂತಿರುವುದು ಎಲ್ಲಿ ಎಂದು ನೋಡಿ. ‘ಪಳನಿ ಬೆಟ್ಟ’ ಎಂದು ಬರೆದ ಚೀಟಿ ಕಳಚಿಬಿದ್ದ ಚರ್ಮ ಬೀರುವಿನಲ್ಲಿ ಎಷ್ಟೇ ಜೋಪಾನವಾಗಿದ್ದರೂ ಅದರ ಸಾಕ್ಷ್ಯಬಲ ಬಹಳ ಮಟ್ಟಿಗೆ ಕುಂದುತ್ತದೆ, ಚರ್ಮ ಮಾಸಿದ್ದರೂ ಚೀಟಿ ಸರಿಯಾಗಿದ್ದರೆ ಅದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಕೊಂದ ಮಾದರಿ ಅನಿವಾರ್ಯ ಎಂಬ ನಂಬಿಕೆಯೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. 2006ರಲ್ಲಿ ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ಕಾಡಿನಲ್ಲಿ ರಮಣ ಆತ್ರೇಯ ಹೊಸ ಹಕ್ಕಿಯೊಂದನ್ನು ವಿವರಿಸಿದಾಗ ಅದನ್ನು ಕೊಲ್ಲಲಿಲ್ಲ. ಸಿಕ್ಕಿದ್ದ ಗರಿಗಳು, ಚಿತ್ರಗಳು, ಧ್ವನಿಮುದ್ರಣ, ನೆಲೆಯ ವಿವರ ಇವೇ ಆಧಾರವಾದವು. ಆ ನೆಲದ ಬುಗುನ್ ಜನರ ಹೆಸರನ್ನೇ ಹಕ್ಕಿಗೆ ಇಟ್ಟರು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ನೆಲವೂ ದಾರಿ ತಪ್ಪಿಸುತ್ತದೆ. ಹಿಮಾಲಯದಿಂದ ಬಂದವು ಎಂಬ ಊಹೆಯೂ ನೆಲದ ಕುರಿತ ಊಹೆಯೇ ಆಗಿತ್ತಲ್ಲ? ಆಗಿತ್ತು, ನಿಜ. ಆದರೆ ಅದು ಉಪಖಂಡದ ನಕ್ಷೆಯನ್ನು ದೂರದಿಂದ ನೋಡಿ ಕಟ್ಟಿದ ಕಥೆ. ನೀಲಗಿರಿಗೂ ಪಳನಿಗೂ ನಡುವಿನ ಬಯಲನ್ನು ಗಮನಿಸದೆ ನೀಲಗಿರಿಗೂ ಹಿಮಾಲಯಕ್ಕೂ ಸೇತುವೆ ಕಟ್ಟಿತು. ನೆಲವನ್ನು ಸಾಕ್ಷಿಗೆ ಕರೆಯುವುದೆಂದರೆ ಹತ್ತಿರದ ನೆಲವನ್ನು ಮೊದಲು ಓದುವುದು. ಈ ಆಕ್ಷೇಪಕ್ಕೆ ಇನ್ನೊಂದು ಮುಖವೂ ಇದೆ. ಬಾಬಾಬುಡನ್‌ಗಿರಿಯಲ್ಲಿ ಕಂಡ ನೀಲಿ ಹಕ್ಕಿ ಶೋಲಾಕಿಳಿಯೇ ಇರಬೇಕು ಎಂದು ಜಾಗದ ಬಲದಿಂದಲೇ ಬರೆದುಬಿಟ್ಟರೆ ಆ ದಾಖಲೆ ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಸುತ್ತುವಾದವಾಗುತ್ತದೆ. ಅಪಾಯ ನಿಜವಾದದ್ದು. ಚಳಿಗಾಲದಲ್ಲಿ ಹಿಮಾಲಯದಿಂದ ಪಶ್ಚಿಮ ಘಟ್ಟಕ್ಕೆ ಬರುವ ಇಂಡಿಯನ್ ಬ್ಲೂ ರಾಬಿನ್ ಕೂಡ ಕಾಡಿನ ನೆಲದ ಹಕ್ಕಿ. ಅದರ ಗಂಡಿಗೂ ಮೇಲೆ ನೀಲಿ, ಬಿಳಿಯ ಹುಬ್ಬು, ಕೆಳಗೆ ಕೆಂಪು. ಗಂಟಲಿನಿಂದಲೇ ಕೆಂಪು ಇದ್ದರೆ ಅದು ವಲಸೆಹಕ್ಕಿ, ಎದೆಯವರೆಗೂ ನೀಲಿ ಇದ್ದು ಪಕ್ಕೆಯಲ್ಲಷ್ಟೇ ಕೆಂಪಿದ್ದರೆ ಶೋಲಾಕಿಳಿ. ಇದನ್ನು ಹೇಳಬೇಕಾದದ್ದು ಕಣ್ಣು, ಬೆಟ್ಟವಲ್ಲ. ಹಾಗಾಗಿ ನೆಲದ ಸಾಕ್ಷ್ಯಕ್ಕೂ ಮಿತಿ ಹಾಕಬೇಕು: ಯಾವ ಯಾವ ಹಕ್ಕಿಗಳ ನಡುವೆ ಆಯ್ಕೆ ಮಾಡಬೇಕು ಎಂಬುದನ್ನು ಅದು ತಿಳಿಸುತ್ತದೆ, ಆಯ್ಕೆಯನ್ನು ಕಣ್ಣು ಕಿವಿಗಳು ಮಾಡಬೇಕು. ಜರ್ಡನ್ ರೆಡ್‌ಸ್ಟಾರ್ಟ್ ಕಡೆಗೆ ವಾಲಿದ್ದು ಕಣ್ಣು ಸರಿಯಿಲ್ಲದೆ ಅಲ್ಲ, ಹೋಲಿಸಿ ನೋಡಲು ಅವನು ಆರಿಸಿಕೊಂಡ ಹಕ್ಕಿಗಳು ಬೇರೆ ನೆಲದವು ಎಂಬ ಕಾರಣದಿಂದ.

ಇಂದಿನ ಪಕ್ಷಿವೀಕ್ಷಣೆ ತಾನಾಗಿಯೇ ಈ ಕ್ರಮಕ್ಕೆ ಬಂದು ನಿಂತಿದೆ. 1889ರಲ್ಲಿ ಲುಡ್ವಿಗ್ ಕಾಖ್ ಎಂಬ ಜರ್ಮನ್ ಬಾಲಕ ಮೇಣದ ಉರುಳೆಯಲ್ಲಿ ಹಕ್ಕಿಯ ದನಿಯನ್ನು ಮೊದಲ ಬಾರಿಗೆ ಹಿಡಿದಾಗ, ಆ ಹಕ್ಕಿ ಪಂಜರದ ಶಾಮಾ. ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಹಾಡುಹಕ್ಕಿ ಅದು, ಆದರೆ ಆ ದನಿಗೆ ಊರಿನ ಚೀಟಿ ಇರಲಿಲ್ಲ. ಈಗ ಯಾರ ಜೇಬಿನಲ್ಲೂ ಇರುವ ಮರ್ಲಿನ್ ಆ್ಯಪ್‌ನಲ್ಲಿ ಕಂಡ ಹಕ್ಕಿಯನ್ನು ಗುರುತಿಸಲು ಹೊರಟರೆ ಬಣ್ಣ ಕೇಳುವ ಮುಂಚೆ ಅದು ಕೇಳುವುದು ಎಲ್ಲಿ ನೋಡಿದಿರಿ, ಯಾವ ದಿನ ನೋಡಿದಿರಿ ಎಂದು. 2021ರಿಂದ ಅದಕ್ಕೆ ಹಾಡು ಕೇಳಿ ಗುರುತಿಸುವ ಸೌಲಭ್ಯವೂ ಬಂದಿದೆ. ಇ-ಬರ್ಡ್‌ಗೆ ಲಕ್ಷಾಂತರ ಜನ ಸೇರಿಸುವ ಪಟ್ಟಿಗಳು ಇಂಥ ಸಾಧನಗಳ ಬೆನ್ನಿಗಿವೆ. ಅಂದರೆ ‘ಸ್ಟ್ರೇ ಫೆದರ್ಸ್’ನ ಬೆಳಗಾವಿ, ಮಂಜರಾಬಾದ್ ಪಟ್ಟಿಗಳ ಕೆಲಸವನ್ನೇ ಇಂದಿನ ವೀಕ್ಷಕರು ಇನ್ನೂ ನಿಖರವಾಗಿ ಮಾಡುತ್ತಿದ್ದಾರೆ. ಶೋಲಾದಲ್ಲಿ ಒಂದು ಸಿಳ್ಳೆ ಕೇಳಿ, ಹಕ್ಕಿ ಕಾಣದೆ, ದನಿಯನ್ನಷ್ಟೇ ಮುದ್ರಿಸಿ ಜಾಗ, ಎತ್ತರ, ದಿನ, ಹೊತ್ತು ಬರೆದಿಟ್ಟವರು ಗುರುತಿಸುವಿಕೆಯಲ್ಲಿ ಸೋತರು ಎನ್ನುವಂತಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಹಾಡು ಬದಲಾಗುವ ಹಕ್ಕಿಯ ವಿಷಯದಲ್ಲಿ, ಊರು ಗೊತ್ತಿಲ್ಲದ ಸುಂದರ ಫೋಟೊಗಿಂತ ಊರು ಗೊತ್ತಿರುವ ಅಸ್ಪಷ್ಟ ದನಿ ಮುಂದಿನ ಸಂಶೋಧಕರಿಗೆ ಹೆಚ್ಚು ಉಪಕಾರಿ.

ಇದು ಬರೀ ಹೆಸರಿಡುವವರ ತಕರಾರಲ್ಲ. ಒಂದೇ ಪ್ರಭೇದ ಎಂದುಕೊಂಡಿದ್ದಾಗ ಶೋಲಾಕಿಳಿಗೆ ನೀಲಗಿರಿಯಿಂದ ಆಶಂಬುವರೆಗೆ ಉದ್ದನೆಯ ನೆಲೆ ಇದೆ ಎಂಬ ನಿರಾಳತೆ ಇತ್ತು. ಅದೇ ಮೂರು ಪ್ರಭೇದವೆಂದಾಗ ಪ್ರತಿಯೊಂದಕ್ಕೂ ಉಳಿದದ್ದು ಕೆಲವೇ ಬೆಟ್ಟಗಳ ತುದಿ. ನೀಲಗಿರಿಯ ಹಕ್ಕಿ ಈಗ ಐಯುಸಿಎನ್ ಪಟ್ಟಿಯಲ್ಲಿ ವಿನಾಶದ ಅಪಾಯದಲ್ಲಿರುವ ಪ್ರಭೇದ. ಹತ್ತೊಂಬತ್ತನೆಯ ಶತಮಾನದಿಂದಲೂ ಚಹಾ, ನೀಲಗಿರಿ ಮರ, ಅಕೇಶಿಯಾ ತೋಪುಗಳು ನುಂಗುತ್ತಾ ಬಂದದ್ದು ಈ ಬೆಟ್ಟದ ತುದಿಗಳನ್ನೇ. ಕರ್ನಾಟಕಕ್ಕೆ ಇದರಿಂದ ಒಂದು ನೇರ ಹೊಣೆ ಬರುತ್ತದೆ. ಬಾಬಾಬುಡನ್‌ಗಿರಿ, ಬ್ರಹ್ಮಗಿರಿಗಳ ಹಕ್ಕಿಗಳು ಇಂದಿನ ಪಟ್ಟಿಯಲ್ಲಿ ನೀಲಗಿರಿಯ ಪ್ರಭೇದದ ಭಾಗ, ಹಾಗಾಗಿ ಇಲ್ಲಿನ ಒಂದು ಶೋಲಾ ರಸ್ತೆಗೋ ರೆಸಾರ್ಟಿಗೋ ಹೋದರೆ ನೀಲಗಿರಿಯಲ್ಲಿ ಹಕ್ಕಿ ಇದ್ದೇ ಇದೆಯಲ್ಲ ಎಂದು ಸಮಾಧಾನಪಡುವುದು ಸುಲಭ. ಪಳನಿಯ ಹಕ್ಕಿಯನ್ನು ನೀಲಗಿರಿಯದರ ಜೊತೆ ಸೇರಿಸಿಬಿಟ್ಟ ಕಾಲದ ತರ್ಕ ಇದೇ ಆಗಿತ್ತು. ಆಶಂಬುವಿನ ಹಕ್ಕಿ ಪಳನಿಯದರ ಹೆಸರಿನಡಿ ಮರೆಯಾಗಿದ್ದದ್ದೂ ಇದೇ ತರ್ಕದಿಂದ. ಎರಡು ಸಲವೂ ತರ್ಕ ಸೋತಿತು, ಬೆಟ್ಟಗಳು ಗೆದ್ದವು. ಮೂರನೆಯ ಸಲ ಅದನ್ನು ನಂಬುವ ಮುನ್ನ ನಮ್ಮ ಬೆಟ್ಟಗಳ ಹಕ್ಕಿಗಳನ್ನು ಬೆಟ್ಟಬೆಟ್ಟಕ್ಕೂ ಬೇರೆಬೇರೆಯಾಗಿ ಕೇಳಿ, ನೋಡಿ, ಬರೆದಿಡಬೇಕು. ಹಾಗೆ ಬರೆದಿಡಲು ಆ ಬೆಟ್ಟಗಳಲ್ಲಿ ಶೋಲಾಗಳು ಉಳಿದಿರಬೇಕು ಎಂಬುದು ಅದರ ಮೊದಲ ಷರತ್ತು.